ಹಳದಿ ಜೀಪಿನ ಖಾತೆ

"ಡ್ಯೂಟಿಯಲ್ಲಿ ಕೂತು ಇದನ್ನೆಲ್ಲ ನೋಡುದಾ ಕುಕ್ಕಪ್ಪ? ರಿಟೈರ್ ಆದ ಮೇಲೆ ಮನೆಯಲ್ಲಿ ಬೇಕಾದಷ್ಟು ಪುರುಸೊತ್ತು ಸಿಗ್ತದಲ್ಲ ಮಾರಾಯ್ರೆ."

ಇನ್‌ಸ್ಪೆಕ್ಟರ್ ಮುರಳಿಕೃಷ್ಣ ಇಷ್ಟು ಹೇಳುವಾಗ ಠಾಣೆಯಲ್ಲಿ ದೂರು ಕೊಡಲು ಬಂದ ಹೆಂಗಸೊಬ್ಬರಿದ್ದರು, ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಮೂರು ಜನ ಇದ್ದರು, ಸಿಬ್ಬಂದಿ ಪೂರ್ತಿ ಇತ್ತು. ಎಲ್ಲರೂ ನಕ್ಕರು. ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಅರೆಬೆತ್ತಲೆ ಹೆಣ್ಣೊಬ್ಬಳು ಕಣ್ಣು ಹೊಡೆಯುತ್ತಿದ್ದಳು. ಹೆಡ್ ಕಾನ್‌ಸ್ಟೇಬಲ್ ಕುಕ್ಕಪ್ಪ ಅವಳನ್ನು ಮುಚ್ಚಿದಷ್ಟೂ ಇನ್ನೊಬ್ಬಳು ಬರುತ್ತಿದ್ದಳು.

"ಏಳಿ, ಮೋಕ್ಷಿತಾ ಕೂರ್ಲಿ."

ಕುಕ್ಕಪ್ಪ ಎದ್ದ. ಯಾರೋ ದಾನಿ ಕೊಟ್ಟ ಆ ಹಳೆ ಕಂಪ್ಯೂಟರು ಠಾಣೆಗೆ ಬಂದ ದಿನದಿಂದ ಅದರ ಮುಂದಿನ ಕುರ್ಚಿ ಅವನದ್ದು. ದೂರು ಟೈಪು ಮಾಡುವವನು ಅವನು, ಅರ್ಜಿಗೆ ಉತ್ತರ ಬರೆಯುವವನು ಅವನು. ನಿನ್ನೆ ಮೊನ್ನೆ ತರಬೇತಿ ಮುಗಿಸಿ ಬಂದ ಈ ಕಾನ್‌ಸ್ಟೇಬಲ್ ಹುಡುಗಿ ಈಗ ಅದೇ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದು ಕೂತಳು. ಆ ಎಳೆದ ಸದ್ದಿಗೆ ಕುಕ್ಕಪ್ಪನ ಮೈಯೆಲ್ಲ ಉರಿಯಿತು.

ದೂರು ಕೊಡಲು ಬಂದಿದ್ದವರು ರಾಜೀವಿ. ಸುಬ್ರಹ್ಮಣ್ಯದಲ್ಲಿ ಲಾಡ್ಜ್ ನಡೆಸುವವರು. ಅವರು ಪರದೆಯ ಕಡೆ ಬಗ್ಗಿ ನೋಡಿ, "ಇವಳೇ ಸಾರ್. ನಮ್ಮಲ್ಲಿಗೆ ಬರುದೂ ಇವಳೇ" ಎಂದರು.

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ ದೂರು ದಾಖಲಾಯಿತು. ಲಾಡ್ಜಿನ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದರೆ ಸಾಕು, ಕೆಟ್ಟ ಜಾಹೀರಾತುಗಳು ನುಗ್ಗುತ್ತವೆ. ದೇವರ ದರ್ಶನಕ್ಕೆ ಬಂದ ಸಂಸಾರಸ್ಥರು ಕೌಂಟರಿನಲ್ಲಿ ನಿಂತು ಅದನ್ನು ನೋಡಬೇಕು. ಬುಕಿಂಗ್ ಪುಟ ತೆರೆದರೆ ಇನ್ನೆಲ್ಲಿಗೋ ಹೋಗುತ್ತದೆ. ಹಾಗೆ ತಪ್ಪಿದ ಬುಕಿಂಗಿನಿಂದ ಒಂದು ಬಸ್ಸಿನ ಯಾತ್ರಿಕರು, ಮುದುಕರು ಮಕ್ಕಳೆಲ್ಲ, ಲಾಡ್ಜಿನ ಜಗಲಿಯಲ್ಲಿ ಮಲಗಿದರು.

"ಯಾರ ಮೇಲೆ ಸಂಶಯ?"

"ಕುಂಬ್ರದ ಜಾಸಿರ್. ರಿಪೇರಿಯವ. ಮೂರು ಸಲ ತೆಗೆದ, ಮೂರು ಸಲವೂ ಮರುದಿನ ಹಾಜರ್. ರೋಗ ಹಾಕುವವನೂ ಅವನೇ, ಮದ್ದು ಕೊಡುವವನೂ ಅವನೇ. ಪೇಟೆಯಲ್ಲಿ ಎಲ್ಲರೂ ಹಾಗೇ ಹೇಳುದು."

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ ಎಫ್‌ಐಆರ್ ಆಯಿತು. ಮಧ್ಯಾಹ್ನ ಜಾಸಿರ್‌ನನ್ನು ಕರೆಸಿದರು. ಇಪ್ಪತ್ತನಾಲ್ಕು ವರ್ಷದ ಹುಡುಗ. ಬೆಂಚಿನ ತುದಿಯಲ್ಲಿ ಕೂತ.

"ತಂದೆಯ ಹೆಸರು?"

"ಹಂಝ. ದಮಾಮ್‌ನಲ್ಲಿದ್ದಾರೆ."

"ರಾಜೀವಿಯವರ ಕಂಪ್ಯೂಟರಿಗೆ ಕೈ ಹಾಕಿದ್ದು ಯಾರು?"

"ನಾನೇ. ತೆಗೀಲಿಕ್ಕೆ ಹಾಕಿದ್ದು ಸಾರ್, ಸೇರಿಸ್ಲಿಕ್ಕೆ ಅಲ್ಲ."

"ಎಂತೆಲ್ಲ ಮಾಡಿದೆ?"

"ಗುರುತಿಲ್ಲದ ಪ್ರೋಗ್ರಾಂ ಎಲ್ಲ ಅಳಿಸಿದೆ. ಬ್ರೌಸರಿಗೆ ಅಂಟಿಕೊಂಡಿದ್ದ ಎಕ್ಸ್‌ಟೆನ್ಶನ್ ತೆಗೆದೆ. ಹವಾಮಾನ ತೋರಿಸುವ ಹಾಗೆ ವೇಷ ಹಾಕಿದ್ದು ಅದು, ಜಾಹೀರಾತು ತರುದು ಅದೇ. ಸ್ಕ್ಯಾನ್ ಓಡಿಸಿದೆ. ಸಂಜೆಗೆ ಕನ್ನಡಿ ಹಾಗೆ ಇತ್ತು. ಬೆಳಿಗ್ಗೆ ಮತ್ತೆ ಅದೇ."

"ಹೇಗೆ?"

"ಅದೇ ನನಗೂ ಗೊತ್ತಾಗದ್ದು." ಹುಡುಗ ತಲೆ ತಗ್ಗಿಸಿದ. "ಎರಡು ದಿನದಿಂದ ಅಂಗಡಿಯ ಶಟರ್ ಎತ್ಲಿಲ್ಲ ಸಾರ್. ಎತ್ತಿದರೆ ಜನ ನಿಂತು ನೋಡ್ತಾರೆ. ಈ ಕೆಲಸಕ್ಕೆ ಜನ ನಂಬಿ ಪಾಸ್‌ವರ್ಡ್ ಕೊಡುದು. ನಂಬಿಕೆ ಹೋದ ಮೇಲೆ ಮತ್ತೆಂತ ಉಂಟು?"

ಮಂಡೆಕೋಲಿನ ಅಕ್ಕು ಎಂಬವರ ಜೆರಾಕ್ಸ್ ಅಂಗಡಿಯಿಂದಲೂ ಇಂಥದೇ ಅರ್ಜಿ ಬಂದಿತ್ತು. ಅಲ್ಲಿಗೂ ರಿಪೇರಿಗೆ ಹೋದವನು ಜಾಸಿರ್. ಇನ್‌ಸ್ಪೆಕ್ಟರಿಗೆ ಇಷ್ಟು ಸಾಕಾಗಿತ್ತು.

"ಸರ್," ಎಂದಳು ಮೋಕ್ಷಿತಾ, "ನಮ್ಮ ಠಾಣೆಯ ಕಂಪ್ಯೂಟರ್ ಅವನು ಮುಟ್ಟಲೇ ಇಲ್ಲ. ಆದರೂ ಇಲ್ಲಿಗೆ ಬಂತಲ್ಲ?"

"ಅದು ಕುಕ್ಕಪ್ಪನ ಕತೆ. ಅದು ಬೇರೆ." ಮತ್ತೆ ನಗು. "ನಾಳೆ ಸಂಜೆಯೊಳಗೆ ಇನ್ನೊಬ್ಬನ ಹೆಸರು ಬಾರದಿದ್ದರೆ ಇವನನ್ನೇ ದಸ್ತಗಿರಿ ಮಾಡುದು."

ಮೋಕ್ಷಿತಾ ಬಿಡಲಿಲ್ಲ. ಠಾಣೆಯ ಕಂಪ್ಯೂಟರಿನಿಂದ ಇಂಟರ್‌ನೆಟ್ ವಯರ್ ಕಿತ್ತಳು. ಆ ಹವಾಮಾನದ ಎಕ್ಸ್‌ಟೆನ್ಶನ್ ಅಳಿಸಿದಳು. ಬ್ರೌಸರನ್ನು ಹತ್ತು ಸಲ ಮುಚ್ಚಿ ತೆರೆದಳು, ಬರಲಿಲ್ಲ. ವಯರ್ ಸಿಕ್ಕಿಸಿದಳು. ಚಾ ತಣಿಯುವ ಮೊದಲೇ ಅದು ಬಂದು ಕೂತಿತ್ತು.

"ಇದರ ಬೇರು ಈ ಕಂಪ್ಯೂಟರಿನಲ್ಲಿ ಇಲ್ಲ ಕುಕ್ಕಪ್ಪಣ್ಣ. ಹೊರಗಿಂದ ಯಾರೋ ಇಳಿಸ್ತಿದ್ದಾರೆ. ಇಲ್ಲಿ ಎಷ್ಟು ತೊಳೆದರೂ ಅಷ್ಟೇ."

"ಹೌದಾ," ಎಂದ ಕುಕ್ಕಪ್ಪ. ಅವಳು ಹೇಳಿದ್ದು ಸರಿ ಎಂದು ಅವನಿಗೆ ಅನಿಸಿತು. ತೊಂದರೆ ಇದ್ದದ್ದು ಅಲ್ಲಿಯೇ.

ಮರುದಿನ ಬೆಳಿಗ್ಗೆ ಇಬ್ಬರೂ ಇಲಾಖೆಯ ಜೀಪಿನಲ್ಲಿ ಹೊರಟರು. ಮೊದಲು ಲಾಡ್ಜು. ಅಲ್ಲಿಂದ ಸುಳ್ಯ, ಜಾಲ್ಸೂರು ದಾಟಿ ಮಂಡೆಕೋಲು. ದಾರಿಯುದ್ದಕ್ಕೂ ಇನ್‌ಸ್ಪೆಕ್ಟರ್ ಫೋನ್ ಮಾಡಿದ್ದು ಮೋಕ್ಷಿತಾಳಿಗೆ. ಪಕ್ಕದಲ್ಲೇ ಇದ್ದ ಕುಕ್ಕಪ್ಪನ ಫೋನು ಕಿಸೆಯಲ್ಲಿ ಸತ್ತ ಹಲ್ಲಿಯ ಹಾಗೆ ಬಿದ್ದಿತ್ತು.

ಅಕ್ಕು ಎಪ್ಪತ್ತರ ಹತ್ತಿರದ ಹೆಂಗಸು. ಪೊಲೀಸರನ್ನು ಕಂಡು ಎದ್ದು ನಿಲ್ಲುವ ಜಾಯಮಾನವಲ್ಲ.

"ಬನ್ನಿ, ನೋಡಿ, ಕಣ್ಣು ತಂಪಾಗ್ತದೆ," ಎಂದು ಪರದೆ ತಿರುಗಿಸಿದರು. "ಆಧಾರ್ ಜೆರಾಕ್ಸಿಗೆ ಬಂದ ಗಂಡಸರು ಈಗ ಹೋಗುದೇ ಇಲ್ಲ. ಒಬ್ಬ ಮೂರನೇ ಸಲ ಬಂದ, ಒಂದೇ ಕಾರ್ಡ್ ಹಿಡ್ಕೊಂಡು."

"ಜಾಸಿರ್ ಹಾಕಿದ್ದಾ ಅಮ್ಮ ಇದು?"

"ಆ ಹುಡುಗ ಹಾಕುವವನಾ? ತೆಗೀಲಿಕ್ಕೆ ಆಗಲಿಲ್ಲ ಅಂತ ಅವತ್ತು ಚಾ ಸಹ ಕುಡೀಲಿಲ್ಲ."

ಮೋಕ್ಷಿತಾ ಬ್ರೌಸರಿನ ಮೇಲಿನ ಮೂಲೆಗೆ ಬೆರಳಿಟ್ಟಳು. ಅಲ್ಲಿ ಕಡಲೆಯಷ್ಟು ದೊಡ್ಡ ಒಂದು ದುಂಡು ಚಿತ್ರ. ಅದನ್ನು ದೊಡ್ಡದು ಮಾಡಿದಳು. ಹಳದಿ ಬಣ್ಣದ ಒಂದು ಜೀಪು. ಹೆಸರಿನ ಜಾಗದಲ್ಲಿ ಬರೀ 'ಕಂಪ್ಯೂಟರ್ ಸರ್ವಿಸ್' ಎಂದಿತ್ತು.

"ಇದೇ ಚಿತ್ರ ಲಾಡ್ಜಿನಲ್ಲೂ ಉಂಟು, ಠಾಣೆಯಲ್ಲೂ ಉಂಟು. ಮೂರೂ ಕಂಪ್ಯೂಟರಿನಲ್ಲಿ ಒಂದೇ ಇಮೇಲ್ ಖಾತೆ ತೆರೆದಿಟ್ಟಿದ್ದಾರೆ ಕುಕ್ಕಪ್ಪಣ್ಣ. ಆ ಖಾತೆಯಲ್ಲಿ ಒಂದು ಕಡೆ ಎಂತದಾದರೂ ಸೇರಿಸಿದರೆ ಎಲ್ಲ ಕಡೆ ಇಳೀತದೆ. ಸೇರಿಸಿದವನ ಕಂಪ್ಯೂಟರಿನಲ್ಲಿ ಇರುವ ತನಕ ಇಲ್ಲಿ ತೆಗೆದರೂ ಮತ್ತೆ ಬರ್ತದೆ. ಜಾಸಿರ್ ಅದನ್ನು ಲಾಡ್ಜಿನವರದ್ದೇ ಖಾತೆ ಅಂತ ಎಣಿಸಿರ್ಬೇಕು. ತೆಗೆದರೆ ರಾಜೀವಿಯಕ್ಕನ ಪಾಸ್‌ವರ್ಡ್ ಎಲ್ಲ ಹೋಗ್ತದೆ ಅಂತ ಮುಟ್ಲಿಲ್ಲ." ಅವಳು ತಿರುಗಿ ಕೇಳಿದಳು. "ಈ ಜೀಪು ಎಲ್ಲಾದರೂ ನೋಡಿದ್ದೀರಾ? ಇಮೇಲ್ ಕಂಪೆನಿಗೆ ನೋಟಿಸ್ ಕಳಿಸಿದರೆ ಉತ್ತರಕ್ಕೆ ವಾರಗಟ್ಟಲೆ ಕಾಯ್ಬೇಕು. ಸರ್ ಕಾಯುದಿಲ್ಲ."

ಕುಕ್ಕಪ್ಪ ನೋಡಿದ್ದ. ಆ ಜೀಪಿನ ಹಿಂಬದಿಯಿಂದ ಠಾಣೆಯ ಕಂಪ್ಯೂಟರನ್ನು ಎತ್ತಿ ಇಳಿಸಿದ್ದೇ ಅವನು. ಕಂಪ್ಯೂಟರ್ ಮಾರುವ ಕಡಬದ ಮಹೇಶ್ವರನ ಜೀಪು. ಟಾರು ಕಾಣದ ರಸ್ತೆಗಳಲ್ಲಿ ಕಂಪ್ಯೂಟರುಗಳನ್ನು ಹಾಸಿಗೆಯಲ್ಲಿ ಸುತ್ತಿ ಮನೆಮನೆಗೆ ಮುಟ್ಟಿಸಿದ ಜೀಪು.

ಬಾಯಿ ಬಿಟ್ಟರೆ ಒಬ್ಬ ಹುಡುಗ ಉಳಿಯುತ್ತಿದ್ದ. ತನ್ನ ಮೇಲೆ ಬಿದ್ದ ಹೊಲಸು ಮಾತೂ ತೊಳೆದು ಹೋಗುತ್ತಿತ್ತು. ಆದರೆ ಮೋಕ್ಷಿತಾ ಗೆಲ್ಲುತ್ತಿದ್ದಳು. ಇನ್‌ಸ್ಪೆಕ್ಟರ್ ನಾಲ್ಕು ಜನರ ಎದುರು ಅವಳ ಬೆನ್ನು ತಟ್ಟುತ್ತಿದ್ದ, ಕುರ್ಚಿ ಕಾಯಂ ಆಗುತ್ತಿತ್ತು. ಹೊಟ್ಟೆಕಿಚ್ಚಿನವನಿಗೆ ಸ್ವಂತ ಲಾಭವೂ ಕಾಣುವುದಿಲ್ಲ.

"ಇಲ್ಲ," ಎಂದ. "ಯಾರದ್ದೋ."

ಸಂಜೆ ಐದಕ್ಕೆ ಅವರು ಠಾಣೆಗೆ ಮರಳಿದರು. ಮತ್ತೆ ಕರೆಸಿದ್ದ ಜಾಸಿರ್ ಅದೇ ಬೆಂಚಿನ ತುದಿಯಲ್ಲಿದ್ದ, ಅವನ ಫೋನು ಇನ್‌ಸ್ಪೆಕ್ಟರರ ಮೇಜಿನ ಮೇಲಿತ್ತು. ಮೋಕ್ಷಿತಾ ಜೀಪಿನ ಚಿತ್ರ ತೋರಿಸಿದಳು. ಮುರಳಿಕೃಷ್ಣ ಅರ್ಧ ಕೇಳಿ ಕೈ ಎತ್ತಿದ.

"ಹೆಸರು ಉಂಟಾ? ಇಲ್ಲ. ಜೀಪಿನ ಮೇಲೆ ಎಫ್‌ಐಆರ್ ಹಾಕ್ಲಿಕ್ಕೆ ಆಗ್ತದಾ? ಕುಕ್ಕಪ್ಪ, ಬನ್ನಿ. ದಸ್ತಗಿರಿ ಮೆಮೊ ನೀವೇ ಬರೀರಿ. ಕಂಪ್ಯೂಟರು ಗಿಂಪ್ಯೂಟರು ಬೇಡ, ಕೈಯಲ್ಲೇ. ನಿಮ್ಮಂಥ ಅಕ್ಷರ ಈ ಠಾಣೆಯಲ್ಲಿ ಯಾರಿಗೂ ಇಲ್ಲ."

ಎಷ್ಟೋ ತಿಂಗಳಿನಿಂದ ಕುಕ್ಕಪ್ಪ ಕಾದದ್ದು ಇದೇ ಮಾತಿಗೆ. ಮೋಕ್ಷಿತಾ ಮುಖ ಕೆಳಗೆ ಹಾಕಿದ್ದಳು. ಕುಕ್ಕಪ್ಪ ಪೆನ್ನು ತೆಗೆದ. ಠಾಣೆಯ ಹೆಸರು ಬರೆದ. ಆರೋಪಿಯ ಹೆಸರಿನ ಜಾಗಕ್ಕೆ ಬಂದಾಗ ಜಾಸಿರ್ ತಾನಾಗಿಯೇ ಎದ್ದು ಹತ್ತಿರ ಬಂದು, ತನ್ನ ಹೆಸರನ್ನು ಬಿಡಿಸಿ ಹೇಳಿದ, ತಪ್ಪಾಗದಿರಲಿ ಎಂದು. ಗಿರಾಕಿಗೆ ಪಾಸ್‌ವರ್ಡ್ ಬರೆದುಕೊಡುವಾಗ ಹೇಳುವ ಹಾಗೆ, ನಿಧಾನಕ್ಕೆ.

ಪೆನ್ನು ಮುಂದೆ ಹೋಗಲಿಲ್ಲ.

"ಸರ್. ಆ ಜೀಪು ನನಗೆ ಗೊತ್ತುಂಟು."

ಮೋಕ್ಷಿತಾ ಅವನನ್ನೇ ನೋಡಿದಳು. ಮಂಡೆಕೋಲಿನಲ್ಲಿ ಏಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಆರೂವರೆಗೆ ಇನ್‌ಸ್ಪೆಕ್ಟರ್ ಸಹಿತ ಮೂವರೂ ಕಡಬದಲ್ಲಿದ್ದರು. ಮಹೇಶ್ವರನ ಅಂಗಡಿ ಮಹಡಿಯ ಮೇಲೆ. ಕೆಳಗಿನ ಹೋಟೆಲಿನಿಂದ ಇಬ್ಬರನ್ನು ಪಂಚರಾಗಿ ಕರೆದುಕೊಂಡು ಹತ್ತಿದರು. ಒಳಗೆ ಧೂಳು ಹಿಡಿದ ಮಾನಿಟರುಗಳ ರಾಶಿ, ಮಧ್ಯೆ ಮಹೇಶ್ವರ, ಎದುರಿಗೆ ಅವನ ಕಂಪ್ಯೂಟರು. ಪರದೆಯ ಮೂಲೆಯಲ್ಲಿ ಹಳದಿ ಜೀಪು.

"ಈ ಖಾತೆ ಯಾರದ್ದು?"

"ನನ್ನದೇ."

"ಈ ಹವಾಮಾನದ ಎಕ್ಸ್‌ಟೆನ್ಶನ್ ಸೇರಿಸಿದ್ದು?"

ಮಹೇಶ್ವರ ಮೌಸಿನಿಂದ ಕೈ ತೆಗೆದ. ಮೋಕ್ಷಿತಾ ಲಾಡ್ಜಿಗೆ ಫೋನ್ ಮಾಡಿ, ರಾಜೀವಿಯನ್ನು ಪರದೆಯ ಮುಂದೆ ಕೂರಿಸಿದಳು. ಪಂಚರ ಎದುರು, ವಿಡಿಯೋ ಚಾಲೂ ಇಟ್ಟು, ಮಹೇಶ್ವರನ ಕಂಪ್ಯೂಟರಿನಿಂದ ಅದನ್ನು ಅಳಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಸ್ಪೀಕರಿನಲ್ಲಿ ರಾಜೀವಿಯ ಧ್ವನಿ ಬಂತು.

"ಹೋಯ್ತು ಮಾರಾಯ್ತಿ. ಇಲ್ಲಿ ಯಾರೂ ಮುಟ್ಲೇ ಇಲ್ಲ, ತನ್ನಷ್ಟಕ್ಕೇ ಹೋಯ್ತು."

ಕಂಪ್ಯೂಟರನ್ನು ಮೊಹರು ಮಾಡಿದರು. ಮಹಜರಿಗೆ ಪಂಚರ ಸಹಿ ಬಿತ್ತು. ಮಹೇಶ್ವರನನ್ನು ದಸ್ತಗಿರಿ ಮಾಡಿ ಕರೆತಂದರು. ಅವನು ಕೂತದ್ದು ಜಾಸಿರ್ ಕೂತಿದ್ದ ಬೆಂಚಿನಲ್ಲಿ. ಜಾಸಿರ್‌ನ ಫೋನು ವಾಪಸು ಕೊಟ್ಟರು. ಬೆಳಿಗ್ಗೆ ಕುಂಬ್ರಕ್ಕೆ ತಾನೇ ಬಂದು ಅಂಗಡಿಯ ಎದುರು ನಿಂತು ತಪ್ಪು ಅವನದ್ದಲ್ಲ ಅಂತ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳುತ್ತೇನೆ ಎಂದು ರಾಜೀವಿ ಆ ಫೋನಿಗೇ ಕರೆ ಮಾಡಿದರು. ಇನ್‌ಸ್ಪೆಕ್ಟರ್ ಮೋಕ್ಷಿತಾಳಿಗೆ ಶಹಬ್ಬಾಸ್ ಎಂದ. ನಿನ್ನೆ ಕುಕ್ಕಪ್ಪನಿಗೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ದೊಡ್ಡವರಿಗೆ ಅದು ನೆನಪಿರುವುದಿಲ್ಲ, ಹೇಳಿಸಿಕೊಂಡವರು ಸಾಯುವ ತನಕ ಇಟ್ಟುಕೊಳ್ಳಬೇಕು.

ಹೇಳಿಕೆ ಬರೆದುಕೊಂಡದ್ದು ಕುಕ್ಕಪ್ಪ.

"ಎಲ್ಲ ಕಡೆ ನಿನ್ನದೇ ಖಾತೆ ಯಾಕೆ ಹಾಕಿದ್ದು?"

"ಆಗ ಯಾರ ಹತ್ತಿರ ಇಮೇಲ್ ಇತ್ತು? ಒಬ್ಬೊಬ್ಬರಿಗೆ ಒಂದೊಂದು ಮಾಡ್ಲಿಕ್ಕೆ ಕೂತರೆ ನನ್ನ ಜೀಪು ಘಟ್ಟದ ಬುಡದಲ್ಲೇ ಉಳೀತಿತ್ತು. ನನ್ನದು ಹಾಕಿ ಬಂದೆ. ಮತ್ತೆ ಮರೆತೂ ಹೋಯ್ತು."

"ರಾಜೀವಿಯವರ ಮೇಲೆ ಎಂತ ಸಿಟ್ಟು?"

"ಅವರ ಮೇಲಲ್ಲ. ಒಂದು ದಿನ ಲಾಡ್ಜಿನ ಕೌಂಟರಿನ ಎದುರು ಹೋಗುವಾಗ ಅಲ್ಲಿದ್ದವರು ಮಾತಾಡುದು ಕೇಳಿಸಿತು. ಜಾಸಿರ್ ಕುಂಬ್ರದಲ್ಲಿ ಕೂತಲ್ಲಿಂದಲೇ ಸರಿ ಮಾಡ್ತಾನೆ, ಮಹೇಶ್ವರನ ಹಾಗೆ ಜೀಪು ಹತ್ತಿ ಬಂದು ಊಟ ಮುಗಿಸಿ ಹೋಗುದಿಲ್ಲ ಅಂತ. ಎಲ್ಲರೂ ನಗಾಡಿದರು. ಜೀಪು ಮಾರಿ ಆಗಿತ್ತು ಆಗ." ಮಹೇಶ್ವರ ಬೆರಳು ಮುರಿದುಕೊಂಡ. "ಅವನ ಕೈಗುಣ ಕೆಟ್ಟದ್ದು ಅಂತ ಒಮ್ಮೆ ಆಗ್ಬೇಕಿತ್ತು. ಲಾಡ್ಜ್ ಒಂದಕ್ಕೇ ಅಂತ ಹಾಕಿದ್ದು. ಎಲ್ಲ ಕಡೆ ಇಳಿದದ್ದು ಮತ್ತೆ ಗೊತ್ತಾಯ್ತು."

"ಗೊತ್ತಾದ ಮೇಲೆ ಯಾಕೆ ತೆಗೀಲಿಲ್ಲ?"

"ಕಾದೆ. ಇಷ್ಟು ಜನರದ್ದು ಹಾಳಾಯ್ತಲ್ಲ, ಒಬ್ಬರಾದರೂ ನನಗೆ ಫೋನ್ ಮಾಡ್ತಾರೋ ಅಂತ ನೋಡಿದೆ. ಎಲ್ಲರೂ ಅವನಿಗೇ ಮಾಡಿದರು. ಅವನು ತೆಗೀಲಿಕ್ಕೆ ಸೋತ ಮೇಲೂ ಅವನಿಗೇ."

ಕುಕ್ಕಪ್ಪ ಅದನ್ನು ಹಾಗೆಯೇ ಬರೆದ. ಓದಿದರೆ ತನ್ನದೇ ಹೇಳಿಕೆಯ ಹಾಗೆ ಕಂಡಿತು. ಆ ಕಡೆಯಿಂದ ಮೋಕ್ಷಿತಾ ಟೈಪು ಮಾಡುವ ಸದ್ದು ಬರುತ್ತಿತ್ತು. ಪರದೆ ಶುಭ್ರವಾಗಿತ್ತು, ಮೂಲೆಯಲ್ಲಿ ಜೀಪು ಇರಲಿಲ್ಲ, ಠಾಣೆಗೆಂದೇ ಅವಳು ಹೊಸ ಖಾತೆ ತೆರೆದಿದ್ದಳು. ಮಹೇಶ್ವರನೂ ಅತ್ತ ನೋಡಿದ, ಆಮೇಲೆ ಇತ್ತ.

"ಅದು ನಿನ್ನ ಕುರ್ಚಿ ಅಲ್ವಾ ಕುಕ್ಕಪ್ಪ? ಅವತ್ತು ನಾನೇ ಎತ್ತರ ಸರಿ ಮಾಡಿ ಕೊಟ್ಟದ್ದು." ಅವನ ಧ್ವನಿಯಲ್ಲಿ ಕುಹಕ ಇರಲಿಲ್ಲ. "ಅವಳು ಕೂತದ್ದು ನೋಡುವಾಗ ನಿನಗೆ ಎಂತದೂ ಆಗುದಿಲ್ವಾ?"

ಕುಕ್ಕಪ್ಪ ಹೇಳಿಕೆಯ ಹಾಳೆಗಳನ್ನು ಜೋಡಿಸಿ ಪಿನ್ನು ಹೊಡೆದು ಮೇಜಿನ ಮೇಲಿಟ್ಟ. ಟೋಪಿ ಎತ್ತಿಕೊಂಡ. ಮೋಕ್ಷಿತಾಳ ಬೆನ್ನ ಹಿಂದಿನಿಂದ ಹಾದು, ಠಾಣೆಯ ಮೆಟ್ಟಿಲು ಇಳಿದು, ರಸ್ತೆಗೆ ಬಿದ್ದು ನಡೆದುಬಿಟ್ಟ.