ಅಣ್ಣ ಬರಬೇಕಾದ ಪುಟ

ಅಣ್ಣ ಜೈಲಿನಿಂದ ಬರಲೇಬೇಕು ಎಂದು ಅವಳ ಹಟ. ಬರುವುದಿಲ್ಲ ಎಂದು ಮೇಷ್ಟ್ರ ಹಟ. ಇಬ್ಬರ ಪರಿಚಯ ಶುರುವಾದದ್ದೇ ಈ ಜಗಳದಿಂದ.

ಮೇಷ್ಟ್ರು ಎಂದರೆ ಮುದುಕರೇನಲ್ಲ. ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುವ, ನಗು ಬಂದಾಗಲೆಲ್ಲ ಕನ್ನಡಕ ಸರಿಮಾಡಿಕೊಳ್ಳುವ ಮೂವತ್ತರ ಆಸಾಮಿ. ಸ್ವಾತಂತ್ರ್ಯ ಚಳವಳಿಯ ಮೇಲೆ ಮಕ್ಕಳಿಗೊಂದು ಕಥೆ ಬರೆದಿದ್ದರು. ಹತ್ತು ವರ್ಷದ ಹುಡುಗಿಯೊಬ್ಬಳು ಶಾಲೆಯ ಚೀಲದ ಒಳಪದರದಲ್ಲಿ ಕರಪತ್ರ ಬಚ್ಚಿಟ್ಟು, ಪೊಲೀಸರ ಮುಂದೆಯೇ ಮಗ್ಗಿ ಹೇಳುತ್ತಾ ಸಾಗಿಸುತ್ತಾಳೆ. ಅವಳ ಅಣ್ಣ ಜೈಲಿನಲ್ಲಿದ್ದಾನೆ. ಸ್ವಾತಂತ್ರ್ಯ ಬಂದ ದಿನ ಅವಳು ಜೈಲಿನ ಬಾಗಿಲಲ್ಲಿ ಕಾಯುತ್ತಾಳೆ, ಅಣ್ಣ ಬರುವುದಿಲ್ಲ. ಆ ಕಥೆಗೆ ಚಿತ್ರ ಬರೆಯುವ ಕೆಲಸ ಇವಳದು.

"ಮಕ್ಕಳ ಪುಸ್ತಕ ಮೇಷ್ಟ್ರೇ. ಅಣ್ಣನ್ನ ಕರ್ಕೊಂಡು ಬನ್ನಿ. ನಿಮ್ಮ ಗಂಟೇನು ಹೋಗುತ್ತೆ?"

"ಹೋದವರೆಲ್ಲ ವಾಪಸ್ ಬಂದ್ರು ಅಂತ ಮಕ್ಕಳಿಗೆ ಸುಳ್ಳು ಹೇಳ್ಲಾ, ಚಿತ್ರದವ್ರೇ?"

"ಒಬ್ಬ ಬರಲಿ ಅಂದೆ. ಎಲ್ಲರನ್ನೂ ಕರೀರಿ ಅಂದ್ನಾ?"

ಪ್ರತಿ ಶನಿವಾರ ಮೇಷ್ಟ್ರು ಪ್ರಕಾಶಕರ ಕಚೇರಿಗೆ ಬಂದು, ಕಿಟಕಿ ಪಕ್ಕದ ಮೇಜಿನಲ್ಲಿ ಅವಳ ಮೂಲಚಿತ್ರಗಳನ್ನು ನೋಡುತ್ತಿದ್ದರು. ನೋಡುತ್ತಿದ್ದದ್ದು ಚಿತ್ರವನ್ನೋ ಅವಳನ್ನೋ, ಅದು ಬೇರೆ ಮಾತು. ಕದ್ದು ನೋಡಿ ಸಿಕ್ಕಿಬಿದ್ದಾಗ "ಪೊಲೀಸಿನ ಮೀಸೆ ಸ್ವಲ್ಪ ದಪ್ಪ ಆಯ್ತು" ಎನ್ನುತ್ತಿದ್ದರು, ಆ ಚಿತ್ರದಲ್ಲಿ ಪೊಲೀಸೇ ಇಲ್ಲದಿದ್ದರೂ.

ಹಾಳೆಯ ಅಂಚಿನಲ್ಲಿ ಅವಳು ತಿಳಿನೀಲಿ ಪೆನ್ಸಿಲಿನಿಂದ ಅವರಿಗೆ ಉತ್ತರ ಬರೆಯುತ್ತಿದ್ದಳು. ಆ ನೀಲಿ ಸ್ಕ್ಯಾನರಿನ ಕಣ್ಣಿಗೆ ಬೀಳುವುದಿಲ್ಲ. ಎಷ್ಟು ಗೀಚಿದರೂ ಅಚ್ಚಿನಲ್ಲಿ ಕಪ್ಪು ಶಾಯಿಯ ಗೆರೆ ಮಾತ್ರ ಉಳಿಯುತ್ತದೆ. ಅದಕ್ಕೇ ಅವಳ ಕೈಗೆ ಆ ಪೆನ್ಸಿಲ್ ಅಭ್ಯಾಸವಾಗಿಬಿಟ್ಟಿತ್ತು.

ಹಸ್ತಪ್ರತಿಯ ಕೊನೆಯ ಪುಟದ ಅಂಚಿನಲ್ಲಿ ಒಮ್ಮೆ ಮೇಷ್ಟ್ರು ಬರೆದರು: "ಜೀವನಪೂರ್ತಿ ಹೀಗೇ ಜಗಳ ಆಡೋಣ್ವಾ? ಹೂಂ ಅಂದ್ರೆ ಮನೇಲಿ ಮಾತಾಡ್ತೀನಿ. ಉತ್ತರ ಬರದಿದ್ರೆ ಮತ್ತೆ ಕೇಳಿ ಕಷ್ಟ ಕೊಡೋದಿಲ್ಲ."

ಅವಳು ಅದನ್ನು ಎಷ್ಟು ಸಲ ಓದಿದಳೋ. ಜೈಲಿನ ಬಾಗಿಲ ಚಿತ್ರ ಮುಗಿಸಿ ಕೆಳಗೆ ಬರೆದಳು: "ಹೂಂ. ನೂರು ಸಲ ಹೂಂ." ಕಚೇರಿಯಲ್ಲಿ ಕೊಟ್ಟು, ಕುಣಿಯುತ್ತಾ ಮನೆಗೆ ಹೋದಳು.

ಮೇಷ್ಟ್ರು ಮತ್ತೆ ಬರಲಿಲ್ಲ. ಹೂಂ ಎಂದ ಮೇಲೂ ಬಾರದವರಿಗೆ ಫೋನ್ ಮಾಡಿ ಏನೆಂದು ಕೇಳುವುದು? ಬಿಗುಮಾನ ಬಿಡಲಿಲ್ಲ. ಎಂಟು ತಿಂಗಳ ಮೇಲೆ ಸಂಪಾದಕಿ ಅಕ್ಕ ಸುದ್ದಿ ಹೇಳಿದರು, ಮೇಷ್ಟ್ರಿಗೆ ಮದುವೆ ಗೊತ್ತಾಗಿದೆಯಂತೆ. ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಳು.

ಇವತ್ತು ಪುಸ್ತಕ ಬಂದಿತ್ತು. ಅದೇ ಮೇಜಿನ ಆಚೆ ಈಚೆ ಕೂತು ಇಬ್ಬರೂ ಪ್ರತಿಗಳಿಗೆ ಸಹಿ ಹಾಕುತ್ತಿದ್ದರು.

"ಕೊನೆ ಚಿತ್ರ ತುಂಬ ಚೆನ್ನಾಗಿದೆ," ಎಂದರು ಮೇಷ್ಟ್ರು, ತಲೆ ಎತ್ತದೆ. "ಆಗ ಅಪ್ಪ ಆಸ್ಪತ್ರೇಲಿದ್ರು, ಬರೋಕಾಗ್ಲಿಲ್ಲ. ಸಂಪಾದಕಿ ಅಕ್ಕ ಸ್ಕ್ಯಾನ್ ಮೇಲ್ ಮಾಡಿದ್ರು."

ಅವಳ ಪೆನ್ನು ನಿಂತಿತು. "ಮೂಲಚಿತ್ರ ನೋಡ್ಲೇ ಇಲ್ವಾ?"

"ಇಲ್ಲ. ಸ್ಕ್ಯಾನನ್ನೇ ಎಷ್ಟು ದೊಡ್ಡದು ಮಾಡಿ ನೋಡಿದ್ದೀನಿ ಗೊತ್ತಾ? ಯಾವ್ದಾದ್ರೂ ಮೂಲೇಲಿ ಏನಾದ್ರೂ ಬರ್ದಿರ್ತೀರಾ ಅಂತ."

ಹೇಳಬಾರದು ಎಂದುಕೊಂಡಳು. ಇನ್ನು ಹನ್ನೆರಡೇ ದಿನಕ್ಕೆ ಮದುವೆ. ಆದರೆ ಅವಳು ಬೇಡವೆಂದಳು ಎಂದುಕೊಂಡೇ ಈ ಮನುಷ್ಯ ಬದುಕೆಲ್ಲ ಕಳೆಯಬೇಕೆ? ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

"ಬರ್ದಿದ್ದೆ ಮೇಷ್ಟ್ರೇ. ನೀಲಿ ಪೆನ್ಸಿಲಲ್ಲಿ. ಹೂಂ ಅಂತ."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು ಫೋನ್ ಮಾಡ್ಬಾರ್ದಿತ್ತಾ?"

"ನೀವು ಮಾಡ್ಬಾರ್ದಿತ್ತಾ?"



"ಈಗ್ಲೂ ನೀವೊಂದು ಮಾತು ಹೇಳಿ," ಎಂದರು ಮೇಷ್ಟ್ರು. "ನಾನು ಹೋಗಿ ಅವರಿಗೆ..."

"ಅವರು ಯಾರು?"

"ಅಪ್ಪನ್ನ ನೋಡ್ಕೊಂಡ ನರ್ಸು. ಅಪ್ಪ ಹೋದಾಗ ಪಕ್ಕದಲ್ಲಿದ್ದದ್ದು ಅವರೊಬ್ಬರೇ. ನಿಮ್ಮ ಉತ್ತರ ಬರ್ಲಿಲ್ಲ ಅಂತ ಹೇಳ್ಕೊಂಡು ಅತ್ತಿದ್ದೂ ಅವರ ಹತ್ರಾನೇ."

ಆ ನರ್ಸು ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಒಂದು ಮಾತು ಸಾಕಿತ್ತು, ನಾಲಿಗೆಯ ತುದಿಯವರೆಗೂ ಬಂದಿತ್ತು.

"ಅವರ ಪಾಡಿಗೆ ಅವರಿದ್ರು. ಏನ್ ತಪ್ಪು ಮಾಡಿದ್ರು ಮೇಷ್ಟ್ರೇ?" ಎಂದಳು.

ಕಟ್ಟಿನಿಂದ ಹೊಸ ಪ್ರತಿಯೊಂದನ್ನು ಎಳೆದುಕೊಂಡು ಮದುಮಗಳ ಹೆಸರು ಕೇಳಿದಳು. ಅವರು ಹೇಳಿದ ಹೆಸರನ್ನು ಮೊದಲ ಪುಟದಲ್ಲಿ ದುಂಡಗೆ ಬರೆದು, ಕೆಳಗೆ ತನ್ನ ಸಹಿ ಹಾಕಿ, ಪುಸ್ತಕವನ್ನು ಅವರ ಕಡೆ ತಳ್ಳಿದಳು.

ಮೇಷ್ಟ್ರು ಪೆನ್ನು ಹಿಡಿದು ಹಾಗೇ ಕೂತರು. ಕಣ್ಣು ತುಂಬಿ, ಎಲ್ಲಿ ಬರೆಯಬೇಕೆಂದೇ ಅವರಿಗೆ ಕಾಣುತ್ತಿರಲಿಲ್ಲ.

ಅವಳೇ ಬೆರಳಿಟ್ಟು ತೋರಿಸಿದಳು. "ಇಲ್ಲಿ ಮೇಷ್ಟ್ರೇ. ನನ್ನ ಹೆಸರಿನ ಪಕ್ಕ."