ಅವಳು ಬರೆಯದ ಮಾತು

ಏಣಿಯ ಮೇಲೆ ನಿಂತು ಹಳೆ ಪುಸ್ತಕದ ಅಂಗಡಿಗೆ ಬೋರ್ಡ್ ಬರೆಯುತ್ತಿದ್ದವಳಿಗೆ, ಬೆನ್ನಿಗೆ ಯಾರದೋ ನೋಟ ಚುಚ್ಚಿದಂತಾಯಿತು.

ರಸ್ತೆಯಾಚೆ ಒಬ್ಬ ಯುವಕ. ಅರ್ಧ ಗಂಟೆಯಿಂದ ಕಣ್ಣು ಕೀಳದೆ ನಿಂತಿದ್ದ. ಕೆಳಗೆ ಏಣಿ ಹಿಡಿದಿದ್ದ ಅಪ್ಪನೂ ಬೇಕೆಂದೇ ಕೆಮ್ಮಿದರು.

ಅವಳು ಬ್ರಶ್ ಹಿಡಿದೇ ಸರಸರನೆ ಇಳಿದು, ರಸ್ತೆ ದಾಟಿ ಅವನ ಮುಂದೆ ನಿಂತಳು. "ಏನ್ರೀ ಹಾಗೆ ನೋಡ್ತಿದೀರ?"

ಅವನು ತಡಬಡಾಯಿಸಿದ. "ನಿಮ್ಮನ್ನಲ್ಲ... ನೀವು ಬರೆದ 'ಳ'ನ ನೋಡ್ತಿದ್ದೆ."

ಹಿಂದೆಯೇ ಬಂದ ಅಪ್ಪ ನಕ್ಕುಬಿಟ್ಟರು. ಅವಳಿಗೆ ನಗು ಬರಲಿಲ್ಲ. ಬೋರ್ಡ್ ಬರೆದ ಹತ್ತು ವರ್ಷದಲ್ಲಿ ಅವಳ ಅಕ್ಷರವನ್ನು ಒಬ್ಬರು ನಿಂತು ನೋಡಿದ್ದು ಇದೇ ಮೊದಲು!

ಅವನು ಕಂಪ್ಯೂಟರಿಗೆ ಫಾಂಟ್ ಮಾಡುವವನು. ಅವಳ ಕೈಯ ಅಕ್ಷರವನ್ನೇ ಫಾಂಟ್ ಮಾಡಲು ಬಿಡಿ ಎಂದು ಕೇಳಿಕೊಂಡ. ವಾರದೊಳಗೆ ಅವಳು ಅವನ ಆಫೀಸಿನ ಉದ್ದ ಮೇಜಿನ ಮುಂದೆ ಕೂತು, ದಪ್ಪ ಕಾಗದದ ಮೇಲೆ ಕಾಗುಣಿತ, ಒತ್ತಕ್ಷರ ಒಂದೊಂದನ್ನೂ ಬರೆಯತೊಡಗಿದಳು. ಬಣ್ಣ ತೀರುತ್ತ ಬಂದ ಬ್ರಶ್ಶು ಗೆರೆಯ ಕೊನೆಯನ್ನು ಎಳೆಎಳೆಯಾಗಿ ಬಿಟ್ಟಾಗಲೆಲ್ಲ ಅವನು ಬಗ್ಗಿ ನೋಡಿ, ಇದೇ ಚೆಂದ ಎನ್ನುತ್ತಿದ್ದ.

'ಅಕ್ಷರ ಎಲ್ಲಾ ಮುಗಿದುಹೋದ್ರೆ... ಇಲ್ಲಿಗೆ ಬರೋಕೆ ಏನು ನೆಪ?' ಅವಳ ಮನಸ್ಸು ಆಗಲೇ ಹೆದರತೊಡಗಿತ್ತು.

ಕೊನೆಯ ಅಕ್ಷರ ಬರೆದ ಮರುದಿನ ಬೆಳಿಗ್ಗೆ, ಬ್ರಶ್ಶು ಒಯ್ಯುವ ನೆಪದಲ್ಲಿ ಅವಳು ಹೋದಾಗ ಅವನಿನ್ನೂ ಬಂದಿರಲಿಲ್ಲ. ರಾತ್ರಿ ಆರಿಸದೆ ಬಿಟ್ಟಿದ್ದ ಕಂಪ್ಯೂಟರಿನ ಪರದೆಯ ಮೇಲೆ ಅವಳ ಅಕ್ಷರಗಳಿದ್ದವು. ಅಂಚೆಲ್ಲ ನುಣ್ಣಗೆ, ಎಳೆಗಳೆಲ್ಲ ಮಾಯ... ಪಕ್ಕದ ಚೀಟಿಯಲ್ಲಿ ಅವನದೇ ಕೈಬರಹ: 'ತುಂಬಾ ಒರಟು. ಸರಿಮಾಡಬೇಕು.'

ಅವಳು ಚೀಟಿಯನ್ನು ಮತ್ತೊಮ್ಮೆ ಓದಿದಳು. ಮೆಚ್ಚಿದ್ದೆಲ್ಲ ಬರೀ ಬಾಯಿಮಾತೇ? ಬ್ರಶ್ಶುಗಳನ್ನು ಬಾಚಿಕೊಂಡು ಹೊರಟುಬಿಟ್ಟಳು. ಅವನ ಫೋನು ತೆಗೆಯಲಿಲ್ಲ. ಅಪ್ಪನಿಗೆ ಕೆಲಸ ಮುಗಿಯಿತು ಎಂದಷ್ಟೇ ಹೇಳಿದಳು.

ಹತ್ತನೇ ದಿನ, ಕಂಕುಳಲ್ಲಿ ಕಾಗದದ ಸುರುಳಿ ಇಟ್ಟುಕೊಂಡು ಅವನು ಮನೆಗೇ ಬಂದ. ಅಪ್ಪ ಒಳಗೆ ಕೂರಿಸಿ, ಹಾಲು ತರುವ ನೆಪದಲ್ಲಿ ತಾವು ಹೊರಗೆ ನಡೆದರು.

ಒರಟು ಎಂದದ್ದು ಫಾಂಟ್ ಕೇಳಿದ್ದ ಕಂಪನಿಯವರು. ಅವರು ಫೋನಿನಲ್ಲಿ ಹೇಳಿದ್ದನ್ನು ಅವನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದನಂತೆ. ಒಮ್ಮೆ ನುಣ್ಣಗೆ ಮಾಡಿ ನೋಡಿದಾಗ ಅಕ್ಷರದ ಜೀವವೇ ಹೋದಂತೆ ಕಂಡಿತಂತೆ. ನನ್ನಿಂದಾಗದು ಎಂದು ಅವರ ಕೆಲಸವನ್ನೇ ಬಿಟ್ಟು, ಇದ್ದದ್ದು ಇದ್ದಂತೆಯೇ ಫಾಂಟ್ ಮುಗಿಸಿದ್ದ.

ಅವನು ಆ ಫಾಂಟಿನಲ್ಲಿ ಅಚ್ಚುಹಾಕಿ ತಂದ ಸುರುಳಿಯನ್ನು ನೆಲದ ಮೇಲೆ ಬಿಡಿಸಿದ.

ಅವಳು ಮಂಡಿಯೂರಿ ಕೂತಳು. ಸಮುದ್ರ... ನಕ್ಷತ್ರ... ಹಕ್ಕಿಯ ರೆಕ್ಕೆ... ಯಾವ ಅಂಗಡಿಯ ಬೋರ್ಡಿನಲ್ಲೂ ಬರೆಯಲು ಸಿಗದ ಮಾತುಗಳು. ಎಲ್ಲವೂ ಅವಳದೇ ಅಕ್ಷರ, ಒಂದೊಂದು ಎಳೆಯೂ ಅವಳದೇ. ಅವಳು ಬರೆಯದ್ದನ್ನು ಅವಳ ಕೈಯೇ ಬರೆದಿತ್ತು! ಮೈ ಜುಮ್ಮೆಂದಿತು. ಬೆರಳು ಸೋಕಿಸಲೂ ಅಂಜಿಕೆಯಾಯಿತು.

ಕೊನೆಯಲ್ಲಿ ಒಂದು ಸಾಲಿನಷ್ಟು ಜಾಗ ಖಾಲಿಯಿತ್ತು. ಇಲ್ಲೇನು ಬಿಟ್ಟುಹೋಗಿದೆ ಎಂದು ಕೇಳಿದಳು.

"ನಿಮ್ಮನ್ನ ಪ್ರೀತಿಸ್ತೀನಿ ಅಂತ ಟೈಪ್ ಮಾಡಿದ್ದೆ." ಅವನ ದನಿ ತಗ್ಗಿತು. "ನಿಮ್ಮ ಅಕ್ಷರದಲ್ಲಿ ಓದಿದಾಗ, ನೀವೇ ನನಗೆ ಹೇಳಿದ ಹಾಗಿತ್ತು. ಅಳಿಸಿಬಿಟ್ಟೆ."

"ಯಾಕೆ?"

"ನೀವು ಹೇಳದೇ ಇರೋದನ್ನ ನಿಮ್ಮ ಕೈಲಿ ಹೇಳಿಸೋದು ತಪ್ಪಲ್ವಾ?"

ಅವಳ ಕಣ್ಣು ತುಂಬಿ ಬಂತು.

"ಅಳಿಸಬಾರದಿತ್ತು," ಎಂದಳು ಮೆಲ್ಲಗೆ. "ಅದು ನನ್ನ ಮಾತೇ."