ಕಣ್ಣು ಬರೆಯದ ಗೊಂಬೆ

“ಕಣ್ಣ ಬರೀಬ್ಯಾಡ್ರಿ!”

ಹಂಪವ್ವನ ಕೈಯಲ್ಲಿದ್ದ ಕುಂಚ ಅಲ್ಲೇ ನಿಂತಿತು. ಬಾಗಿಲಲ್ಲಿದ್ದವನು ಕುಬೇರಪ್ಪ. ದೂರದ ಬಳಗ, ಕುಷ್ಟಗಿಯಲ್ಲಿ ಗೊಂಬೆ ಅಂಗಡಿ. ಸರಕು ಕೊಳ್ಳಲು ಮೊದಲ ಸಲ ಕಿನ್ನಾಳಕ್ಕೆ ಬಂದಿದ್ದ.

“ಯಾಕ್ರಿ?”

“ಹಂಗ ಇರ್ಲಿ...” ಎಂದವನೇ ಮುಖ ಕೆಂಪಗೆ ಮಾಡಿಕೊಂಡು ಹೊರಟೇಬಿಟ್ಟ. ನಾಚಿಕೆಯೋ, ಹೊಟ್ಟೆನೋವೋ, ದೇವರಿಗೇ ಗೊತ್ತು!

ಹಂಪವ್ವ ಕುಂಚ ಕೆಳಗಿಟ್ಟಳು. ಕಣ್ಣು ಬರೆಯದ ಗೊಂಬೆಯನ್ನು ಕಿನ್ನಾಳದಲ್ಲಿ ಯಾರೂ ಮಾರುವುದಿಲ್ಲ. ಕಣ್ಣು ಬೇಡವೆಂದರೆ ಗೊಂಬೆಯೇ ಬೇಡವೆಂದಂತೆ ತಾನೆ?

ಅದು ನಿಜಾಮರ ಕಾಲ. ಗೊಂಬೆ ಮಾಡುವ ಚಿತ್ರಗಾರರ ಮನೆಯಲ್ಲಿ ಹೆಣ್ಣುಮಕ್ಕಳು ಹುಣಸೆಬೀಜದ ಅಂಟು ಅರೆಯಬೇಕು, ಗಂಡಸರು ಉಳಿ ಹಿಡಿಯಬೇಕು. ಹಂಪವ್ವ ಮಾತ್ರ ಅಪ್ಪ ಅಂದಪ್ಪನನ್ನು ಕಾಡಿ ಬೇಡಿ ಕಟ್ಟಿಗೆ ಕೆತ್ತಿದ್ದಳು. ರೊಟ್ಟಿ ಬಡಿಯುವ ಹೆಂಗಸಿನ ಗೊಂಬೆ! ಅದರ ಸೀರೆಗೆ ಬಣ್ಣ ಬಳಿಯದೆ ಇಳಕಲ್ ಸೀರೆಯ ಚಿಂದಿ, ಬಳೆ ಸುತ್ತಿ ಬಂದ ಬಣ್ಣದ ಕಾಗದ ಹರಿದು ಹರಿದು ಅಂಟಿಸಿದ್ದಳು. ಅಬ್ಬಾ, ಆ ಸೆರಗು! ಮುಟ್ಟಿದರೆ ಜಾರೀತು ಅನ್ನಿಸುತ್ತಿತ್ತು.

“ಇದು ಮಾರಿಹೋದ್ರ ಉಳಿ ನಿಂದು. ಇಲ್ಲಾಂದ್ರ ಅಂಟು ಅರಿಯೋದು ಐತಲ್ಲ,” ಎಂದಿದ್ದ ಅಂದಪ್ಪ.

ಆದರೆ ಕುಬೇರಪ್ಪ ಮುಂದಿನ ವಾರ ಮತ್ತೆ ಬಂದ. ಅದರ ಮುಂದಿನ ವಾರವೂ! ಬಂದಾಗಲೆಲ್ಲ ಆ ಗೊಂಬೆಯ ಮುಂದೆ ಕೂರುವುದು, ಹೋಗುವಾಗ “ಕಣ್ಣ ಬರದಿಲ್ಲಲ್ರಿ?” ಎನ್ನುವುದು.

ಹಂಪವ್ವನಿಗೆ ಅಳುವೂ ಬಂತು, ಸಿಟ್ಟೂ ಬಂತು.

“ಬ್ಯಾಡಾದ್ರ ಬ್ಯಾಡ ಅನ್ರಿ! ನನ್ನ ಕೆಲಸಾನ ಯಾಕ ಹಿಂಗ ಹಂಗಿಸ್ತೀರಿ?”

ಕುಬೇರಪ್ಪ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಒದ್ದಾಡಿದ.

“ಅಯ್ಯ, ಹಂಗಲ್ರಿ... ಇಂಥಾ ಗೊಂಬಿ ನಾ ಎಲ್ಲೂ ನೋಡಿಲ್ಲ. ಕಣ್ಣ ಬರದ್ರ ಕೆಲಸ ಮುಗೀತೈತಿ, ಕೊಂಡು ಹೋಗಬೇಕಾಕ್ಕೈತಿ. ಆಮ್ಯಾಲೆ... ಯಾವ ನೆವ ಹೇಳಿ ನಿಮ್ಮನ್ನ ನೋಡಾಕ ಬರ್ಲಿ?”

ಅವಳ ಸಿಟ್ಟು ಎಲ್ಲಿ ಹೋಯಿತೋ!

ಒಳಗಿನಿಂದ ಅಂದಪ್ಪ ಕೆಮ್ಮಿದ. “ನೆವ ಯಾಕೋ? ಹಿರಿಯಾರನ್ನ ಕರಕೊಂಡು ಬಾ.”

“ಲಗ್ನಾದ್ರೂ ನಾ ಉಳಿ ಬಿಡಾಂಗಿಲ್ಲ,” ಹಂಪವ್ವ ತಲೆ ಎತ್ತದೆ ಹೇಳಿದಳು.

“ಬಿಡ್ರಿ ಅಂದವರ್ಯಾರು? ಗೊಂಬಿ ನಾ ತಗೊಂಡೆ. ಈಗರ ಕಣ್ಣ ಬರೀರಿ.”

ಅವಳು ಕುಂಚ ಅದ್ದಿದಳು. ಮತ್ತೆ ಕೆಳಗಿಟ್ಟಳು.

“ಇಲ್ಲಿ ಅಲ್ಲ. ನಿಮ್ಮ ಮನ್ಯಾಗ ಬರೀತೀನಿ.”

“ಅಲ್ಲ್ಯಾಕ್ರಿ?”

“ಸೊಸಿ ಬಂದ ದಿನಾನ ಕೆಲಸಕ್ಕ ಕುಂತಾಳ ಅಂತ ಕುಷ್ಟಗಿಗೆಲ್ಲ ಗೊತ್ತಾಗ್ಲಿ!”

ಕುಬೇರಪ್ಪ ನಕ್ಕ. “ಊರಿರ್ಲಿ... ಮದ್ಲ ನಮ್ಮವ್ವಗ ನಾನ ಹೇಳ್ತೀನ್ರಿ.”